ಗೆದ್ದದ್ದು ಕೆಂಪು ಮಿಕ್ಸಿ

ನಮ್ಮ ಮನೆಯ ಹಳೆಯ ಮಿಕ್ಸಿ ಒಂದು ಬೆಳಿಗ್ಗೆ ಗೊರಗೊರ ಎಂದು, ಒಂದಿಷ್ಟು ಹೊಗೆ ಬಿಟ್ಟು ಕಣ್ಣು ಮುಚ್ಚಿತು. ಅದರ ಪಾಲಿಗೆ ಅದು ಸುಖಮರಣ. ಕಷ್ಟ ಶುರುವಾದದ್ದು ನನಗೆ. ಒಂದು ಪೊರಕೆ ಕೊಳ್ಳುವುದಿದ್ದರೂ ನಾಲ್ಕು ಕಡೆ ವಿಚಾರಿಸಿ, ಕೊನೆಗೆ ಐದನೆಯ ಕಡೆ ಮೋಸ ಹೋಗುವ ಪೈಕಿ ನಾನು. ಫೋನು ಹಿಡಿದು ಕೂತೆ. ವಾಟ್ ಎಷ್ಟು, ಜಾರ್ ಎಷ್ಟು, ಗ್ಯಾರಂಟಿ ಮೋಟಾರಿಗೋ ಬರೀ ಮುಚ್ಚಳಕ್ಕೋ ಎಂದು ಕಂಡಕಂಡವರ ಅಭಿಪ್ರಾಯ ಓದಿದೆ. ಒಬ್ಬರು ‘ಬಂಗಾರದಂಥ ಮಿಕ್ಸಿ’ ಎಂದಿದ್ದರು. ಅದೇ ಮಿಕ್ಸಿಗೆ ಇನ್ನೊಬ್ಬರು ‘ಇದರ ಬದಲು ದುಡ್ಡನ್ನು ಬಾವಿಗೆ ಹಾಕಿ, ಸದ್ದಾದರೂ ಕಮ್ಮಿ’ ಎಂದಿದ್ದರು. ಮೂರನೆಯವರು ಇನ್ನೂ ಡಬ್ಬಿಯನ್ನೇ ಬಿಚ್ಚಿರಲಿಲ್ಲ. ಡಬ್ಬಿ ಗಟ್ಟಿಯಾಗಿದೆಯೆಂದು ಐದು ನಕ್ಷತ್ರ ದಯಪಾಲಿಸಿದ್ದರು.

“ನನ್ನನ್ನ ಮದುವೆ ಆಗೋವಾಗ ಇಷ್ಟು ವಿಚಾರಿಸಿದ್ರಾ?” ಎಂದಳು ಹೆಂಡತಿ.

“ಆಗ ವಿಚಾರಿಸಿದ್ದಿದ್ರೆ...” ಎಂದು ಬಾಯಿ ತೆರೆದವನು, ಹಾಗೇ ಆಕಳಿಸಿ ಮುಚ್ಚಿಕೊಂಡೆ.

“ಅತ್ತಿಗೆ ಬೆಳಗಿಂದ ಸಂಜೆ ತನಕ ಮಿಕ್ಸಿ ಮುಂದೇನೇ ನಿಂತಿರ್ತಾರೆ. ಅವರನ್ನ ಕೇಳೋದು ಬಿಟ್ಟು, ಗುರುತು ಪರಿಚಯ ಇಲ್ಲದವರು ಬರೆದಿದ್ದನ್ನ ಓದ್ತಾ ಕೂತಿದೀರಲ್ಲ!”

ಅವಳ ಅತ್ತಿಗೆ ಎಂದರೆ ನನ್ನ ದೊಡ್ಡಮ್ಮನ ಮಗಳು, ನನಗೆ ಅಕ್ಕ. ಪೇಟೆಯ ದೊಡ್ಡ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಮಿಕ್ಸಿ ಓಡಿಸಿ ತೋರಿಸುವುದು ಅವಳ ಕೆಲಸ. ಫ್ರಿಜ್ಜುಗಳ ಸಾಲು ದಾಟಿ, ಇಸ್ತ್ರಿಪೆಟ್ಟಿಗೆಗಳ ಕಪಾಟು ಬಳಸಿ ಹೋದರೆ ಗೋಡೆಯ ಬದಿಗೆ ಮೂರು ಮೇಜು. ಒಂದೊಂದು ಮೇಜಿನ ಮೇಲೆ ಒಂದೊಂದು ಕಂಪನಿಯ ಮಿಕ್ಸಿ: ಕೆಂಪು, ನೀಲಿ, ಬಿಳಿ. ಕೆಂಪಿನ ಹಿಂದೆ ಅಕ್ಕ. ನೀಲಿಯ ಹಿಂದೆ, ಅಂಗಡಿಯವರೆಲ್ಲ ‘ಗಂಟಲು’ ಎಂದು ಕರೆಯುವ ಒಬ್ಬ ಧಡೂತಿ ಮನುಷ್ಯ. ಅವನು ಬಾಯಿ ತೆರೆದರೆ ಮಿಕ್ಸಿ ಓಡುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ಬಿಳಿಯ ಹಿಂದೆ ಆಗಾಗ ಬದಲಾಗುವ ಯಾರೋ ಒಬ್ಬರು.

ಅಕ್ಕ ಕೂಗುವವಳಲ್ಲ. ಜಾರಿನ ಮುಚ್ಚಳದ ಮೇಲೆ ಅಂಗೈ ಒತ್ತಿ, ಕಿರುಬೆರಳನ್ನು ಮಾತ್ರ ಮೇಲಕ್ಕೆತ್ತಿ, ಕಿವಿಯನ್ನು ಹತ್ತಿರ ತಂದು ಆಲಿಸುತ್ತಿದ್ದಳು. ಹಾಗೆ ಆಲಿಸುವುದನ್ನು ನೋಡಲೆಂದೇ ಹಾದುಹೋಗುವ ಗಿರಾಕಿಗಳು ನಿಲ್ಲುತ್ತಿದ್ದರು. “ಮಿಕ್ಸಿ ಮಾತು ಕೇಳಿಸ್ಕೊಳ್ಳಿ ಅಮ್ಮಾ. ಇದು ಗಂಡನ ಥರ ಅಲ್ಲ, ಹೊಟ್ಟೆ ತುಂಬಿದ್ರೆ ತುಂಬಿತು ಅನ್ನುತ್ತೆ, ಸುಸ್ತಾದ್ರೆ ಸುಸ್ತಾಯ್ತು ಅನ್ನುತ್ತೆ. ಒಂದೇ ಒಂದು ನೆನಪಿಟ್ಕೊಳ್ಳಿ: ಖಾಲಿ ಜಾರ್ ಮಾತ್ರ ಓಡಿಸ್ಬೇಡಿ. ಅರೆಯೋಕೆ ಏನೂ ಸಿಗದೇ ಇದ್ರೆ ಅದು ತನ್ನನ್ನೇ ತಾನು ಅರ್ಕೊಳ್ಳುತ್ತೆ.” ಹೆಂಗಸರು ನಗುತ್ತಿದ್ದರು. ಜೊತೆಗೆ ಬಂದ ಗಂಡಂದಿರು ಇಸ್ತ್ರಿಪೆಟ್ಟಿಗೆ ನೋಡತೊಡಗುತ್ತಿದ್ದರು.

ಮನೆಯಲ್ಲಿ ಅವಳಿಗೆ ಈ ಭಾಗ್ಯವಿರಲಿಲ್ಲ. ಭಾವ ಲಿಫ್ಟ್ ನಡೆಸುತ್ತಿದ್ದವರು. ಜನ ತಮ್ಮ ಮಹಡಿಯ ಗುಂಡಿಯನ್ನು ತಾವೇ ಒತ್ತಲು ಕಲಿತ ದಿನ ಅವರು ಮನೆಗೆ ಬಂದು ಟೀವಿಯ ಮುಂದೆ ಕೂತರು. ಒತ್ತುವ ಅಭ್ಯಾಸ ಹೋಗಲಿಲ್ಲ. ಅಕ್ಕ ಏನಾದರೂ ಹೇಳಲು ಬಂದರೆ ರಿಮೋಟ್ ಎತ್ತಿ ಟೀವಿಯ ಸದ್ದು ಜಾಸ್ತಿ ಮಾಡುತ್ತಿದ್ದರು. ಅವಳು ದನಿ ಏರಿಸಿದರೆ ಇನ್ನೂ ಎರಡು ಸಲ ಒತ್ತುತ್ತಿದ್ದರು. ಜಗಳವಿಲ್ಲ, ಬೈಗುಳವಿಲ್ಲ. ನೆರೆಯವರ ಕಣ್ಣಿಗೆ ಅದು ಆದರ್ಶ ದಾಂಪತ್ಯ.

ನಾನು ಅಂಗಡಿಗೆ ಹೋದಾಗ ಅಕ್ಕ ಕ್ಯಾರೆಟ್ ಹೆಚ್ಚುತ್ತಿದ್ದಳು. ನನ್ನನ್ನು ಕಂಡು ಕಣ್ಣಲ್ಲೇ ಪಕ್ಕಕ್ಕೆ ಕರೆದಳು.

“ಈಗ ತಗೋಬೇಡ. ಭಾನುವಾರ ಬಾ. ಅವತ್ತು ಮೂರನ್ನೂ ಪಕ್ಕಪಕ್ಕ ಇಟ್ಟು ಓಡಿಸ್ತಾರೆ, ಜನರೇ ಮುಟ್ಟಿ ನೋಡಿ ಹೇಳ್ಬೇಕು. ಗೆದ್ದ ಮಿಷೀನಿಗೆ ಬಾಗಿಲ ಎದುರಿನ ಮೇಜು, ಮಿಕ್ಕಿದ್ದು ಕಪಾಟಿಗೆ. ಮೂರು ಬಾಯಿ ಸಾಕೋಕೆ ಆಗಲ್ವಂತೆ ಯಜಮಾನ್ರಿಗೆ.”

“ಮಿಕ್ಕ ಬಾಯಿಗಳು?”

“ಅವೂ ಕಪಾಟಿಗೆ ಅನ್ಕೋ.”

“ನಿಂದೇ ಗೆಲ್ಲುತ್ತೆ ಬಿಡಕ್ಕ. ಕೆಂಪು ಚೆನ್ನಾಗಿದೆ ಅಂತ ಎಲ್ಲರೂ ಬರೆದಿದಾರೆ.”

“ಏನು ಮಣ್ಣು ಚೆನ್ನಾಗಿದೆ! ಮೂರರಲ್ಲಿ ಇದೇ ಮೊಂಡು. ಮುದ್ದು ಮಾಡಿ ಮುದ್ದು ಮಾಡಿ ಓಡಿಸ್ಬೇಕು,” ಎಂದು ಪಿಸುಗುಟ್ಟಿದವಳು, ಅದಕ್ಕೆ ಕೇಳಿಸಿ ಬೇಸರವಾದೀತೇನೋ ಎಂಬಂತೆ ಕೆಂಪು ಮಿಕ್ಸಿಯ ಬೆನ್ನು ಸವರಿದಳು. ಆಮೇಲೆ ತಲೆ ಎತ್ತದೆ, “ಕೆಲಸ ಹೋದ್ರೆ ಹೊಟ್ಟೆಗೇನೂ ಕಮ್ಮಿ ಆಗಲ್ಲ ಕಣೋ, ಹೊಲಿಗೆ ಬರುತ್ತೆ ನಂಗೆ. ಆದ್ರೆ ದಿನವಿಡೀ ಆ ಮನೇಲಿ ಯಾರ ಹತ್ರ ಮಾತಾಡ್ಲಿ?” ಎಂದಳು.

ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ.

ಭಾನುವಾರ ನಾನೂ ಹೆಂಡತಿಯೂ ಹೋದೆವು. ಬಾಗಿಲ ಹತ್ತಿರ ಉದ್ದನೆಯ ಮೇಜು ಹಾಕಿ, ಮೂರು ಮಿಕ್ಸಿಗಳನ್ನೂ ಮದುಮಕ್ಕಳಂತೆ ಒರೆಸಿ ಇಟ್ಟಿದ್ದರು. ನೆನೆಸಿದ ಕಾಳು, ಹಸಿ ಕ್ಯಾರೆಟ್, ಐಸಿನ ಗಡ್ಡೆ, ಮೂವರಿಗೂ ಒಂದೇ ಅಳತೆ. ಯಜಮಾನರ ಅಳಿಯ ಮೂರು ಕಾಲಿನ ಕೋಲಿಗೆ ಫೋನು ಸಿಕ್ಕಿಸಿ ವಿಡಿಯೋ ತೆಗೆಯಲು ನಿಂತಿದ್ದ. ಅಕ್ಕ ಸೆರಗು ಸರಿಮಾಡಿಕೊಂಡು ಮುಖ ಒರೆಸಿಕೊಂಡಳು.

“ಮುಖ ಬರಲ್ಲ ಅಕ್ಕಾ, ಕೈ ಮಾತ್ರ. ಮುಖ ಬಂದ್ರೆ ಜನ ಮುಖ ನೋಡ್ತಾರೆ, ಸಾಮಾನು ನೋಡಲ್ಲ,” ಎಂದ ಅಳಿಯ.

“ಈ ಮುಖ ನೋಡೋಕೆ ಯಾರಪ್ಪ ಬರ್ತಾರೆ,” ಎಂದು ಅಕ್ಕ ನಕ್ಕಳು. ಒರೆಸಿಕೊಂಡದ್ದಂತೂ ದಂಡವಾಯಿತು.

ಗಂಟಲು ತನ್ನ ಪಾಲಿನ ಕಾಳನ್ನೆಲ್ಲ ಒಮ್ಮೆಗೇ ಜಾರಿಗೆ ಕಂಠಪೂರ್ತಿ ತುರುಕಿ, “ನೋಡಿ ನೋಡಿ, ಆನೆ ಬಲ!” ಎಂದು ಕೂಗಿ ಗುಂಡಿ ತಿರುವಿದ. ಆನೆ ಒಮ್ಮೆ ಘೀಳಿಟ್ಟು ಮಲಗಿತು. ಸುಟ್ಟ ರಬ್ಬರಿನ ವಾಸನೆ ಬಂತು. ಬಿಳಿಯ ಹಿಂದಿದ್ದವನು ಮುಚ್ಚಳ ಸರಿಯಾಗಿ ಹಾಕದೆ ಮುಂದಿನ ಸಾಲಿನವರಿಗೆಲ್ಲ ಕ್ಯಾರೆಟ್ ಅಭಿಷೇಕ ಮಾಡಿದ. ಅಕ್ಕ ಮಾತ್ರ ಅರ್ಧ ಜಾರು ಕಾಳು ಹಾಕಿ, ಅಂಗೈ ಒತ್ತಿ, ಕಿರುಬೆರಳು ಎತ್ತಿ, ಬಿಟ್ಟು ಬಿಟ್ಟು ತಿರುವಿದಳು. ನಡುನಡುವೆ ನಿಲ್ಲಿಸಿ ಜಾರನ್ನು ಮೆಲ್ಲಗೆ ತಟ್ಟಿದಳು. ಇನ್ನೊಂದು ಅಂಗೈಯಿಂದ ಹನಿ ಹನಿ ನೀರು ಬಿಟ್ಟಳು. “ಹಾಂ... ಈಗ ಕುಡೀತಾ ಇದೆ. ಈಗ ಸಾಕು ಅಂತಿದೆ. ಕೇಳಿಸ್ತಾ ಅಮ್ಮಾ?” ಜನ ಉಸಿರು ಬಿಗಿಹಿಡಿದು ಒಂದು ಮಿಕ್ಸಿಯ ಮನದಾಳವನ್ನು ಕೇಳಿಸಿಕೊಳ್ಳುತ್ತಿದ್ದರು. ಮುಚ್ಚಳ ತೆಗೆದಾಗ ಒಳಗೆ ಬೆಣ್ಣೆ. ನನ್ನ ಹೆಂಡತಿ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ, “ಒಂದು ತರಿ ಇಲ್ಲ!” ಎಂದು ಉದ್ಗರಿಸಿದಳು. ಚಪ್ಪಾಳೆ ಬಿತ್ತು. ಅಕ್ಕನ ಮುಖದಲ್ಲಿ ಅಂಥ ಬೆಳಕನ್ನು ನಾನು ಅವಳ ಮದುವೆಯ ದಿನವೂ ಕಂಡಿರಲಿಲ್ಲ.

ಕೆಂಪು ಮೊಂಡು ಎಂದು ಅವಳೇ ನನ್ನ ಕಿವಿಯಲ್ಲಿ ಹೇಳಿದ್ದಳು. ಆದರೂ ಜನರ ನೂಕುನುಗ್ಗಲಿನಲ್ಲಿ ನಾನೇ ಮೊದಲು ಕೈ ಚಾಚಿ ಕೆಂಪು ಡಬ್ಬಿ ಹೊತ್ತುಕೊಂಡು ಬಂದೆ. ಇಷ್ಟೆಲ್ಲ ಹೋಲಿಸಿ ನೋಡುವ ಬುದ್ಧಿವಂತರು ಕೊನೆಗೆ ಕೊಳ್ಳುವುದು ಹೀಗೆ.

ಮನೆಯಲ್ಲಿ ಕೆಂಪು ಮಿಕ್ಸಿ ತನ್ನ ನಿಜಸ್ವರೂಪ ತೋರಿಸಿತು. “ಅಂಗಡೀಲಿ ಬೆಣ್ಣೆ, ಮನೇಲಿ ಮರಳು,” ಎಂದು ಹೆಂಡತಿ ಬಟ್ಟಲನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ಮಿಕ್ಸಿಯನ್ನು ನನ್ನ ಕೈಗೆ ಕೊಟ್ಟಳು. ಮರಳು ಹೋಗಿ ಜಲ್ಲಿ ಬಂತು. “ಅತ್ತಿಗೇನ ಕೇಳೋಣ, ಅವರ ಕೈಗೆ ಹೇಗೆ ಬರುತ್ತೆ ಅಂತ,” ಎಂದು ಒಂದು ಸಂಜೆ ನನ್ನನ್ನು ಹೊರಡಿಸಿದಳು.

ಅಕ್ಕ ಮನೆಯಲ್ಲೇ ಇದ್ದಳು. ಅಂಗಡಿಯ ಹೊತ್ತಿನಲ್ಲಿ ಅವಳನ್ನು ಮನೆಯಲ್ಲಿ ಕಂಡದ್ದು ಅದೇ ಮೊದಲು. ಭಾವ ಟೀವಿಯ ಮುಂದೆ. ನಮ್ಮನ್ನು ಕೂರಿಸಿ, ಟೀವಿಯ ಗದ್ದಲದ ನಡುವೆ ಸಂದು ಹುಡುಕಿಕೊಂಡು ಅಕ್ಕ ಹೇಳಿದಳು.

“ಯಜಮಾನ್ರು ಕರೆದು ಒಳ್ಳೇ ಮಾತಲ್ಲೇ ಹೇಳಿದ್ರು. ‘ಏನಮ್ಮಾ, ನಿನ್ನ ಮಿಷೀನು ಭಲೇ ಗೆಲ್ತು! ಇನ್ನು ಅದನ್ನ ಹೊಗಳೋಕೆ ಆಳು ಯಾಕೆ? ನಿನ್ನ ಕೈಯಿಂದು ಆ ಫಿಲಂ ಇದೆಯಲ್ಲ, ಬಾಗಿಲ ಹತ್ರ ಟೀವೀಲಿ ಬಿಡ್ತೀವಿ, ಸಾಕು’ ಅಂದ್ರು. ‘ಗೆದ್ದಿದ್ದು ಮಿಷೀನಾ ಸಾರ್?’ ಅಂದೆ. ‘ಮತ್ತೆ, ನೀನಾ?’ ಅಂತ ನಕ್ಕುಬಿಟ್ರು. ನನಗೂ ನಗು ಬಂತು, ಏನ್ ಮಾಡ್ಲಿ.”

“ಗಂಟಲೂ ಮನೆಗೇನಾ?” ಎಂದೆ, ಸಮಾಧಾನಕ್ಕೆ ಬೇರೇನೂ ಹೊಳೆಯದೆ.

“ಅವನಿದಾನೆ. ಅವನ ಮಿಷೀನು ಸೋತಿದೆಯಲ್ಲ, ಅದನ್ನ ಮಾರೋಕೆ ಒಂದು ಬಾಯಿ ಬೇಕೇ ಬೇಕಂತೆ.”

ಹೆಂಡತಿ ಬಟ್ಟಲಿನ ಮರಳಿನ ವಿಷಯ ಎತ್ತಲಿಲ್ಲ. ಅಕ್ಕನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಅಷ್ಟರಲ್ಲಿ ಭಾವ, “ಏ, ಸುಮ್ನಿರಿ, ಬಂತು ಬಂತು!” ಎಂದು ರಿಮೋಟ್ ಎತ್ತಿದರು.

ಊರಿನ ಕೇಬಲ್ಲಿನವರು ತೋರಿಸುವ, ಅದೇ ಅಂಗಡಿಯ ಜಾಹೀರಾತು. ಪರದೆಯ ತುಂಬ ಕೆಂಪು ಮಿಕ್ಸಿ, ಅದರ ಮುಚ್ಚಳದ ಮೇಲೆ ಒತ್ತಿದ ಒಂದು ಅಂಗೈ, ಎತ್ತಿದ ಕಿರುಬೆರಳು. ಜಾರಿಗೆ ಮೆಲ್ಲನೆ ಒಂದು ತಟ್ಟು. ಇನ್ನೊಂದು ಅಂಗೈಯಿಂದ ಹನಿ ಹನಿ ನೀರು. ದನಿ ಮಾತ್ರ ಅಕ್ಕನದಲ್ಲ. ಸಕ್ಕರೆ ಪಾಕದಂಥ ಎಳೆಯ ಹೆಣ್ಣುದನಿಯೊಂದು, “ಮಿಕ್ಸಿಯ ಮಾತು ಕೇಳಿ ಅಮ್ಮಾ... ಖಾಲಿ ಜಾರ್ ಮಾತ್ರ ಓಡಿಸಬೇಡಿ,” ಎಂದು ಉಲಿಯುತ್ತಿತ್ತು.

ನಾನೂ ಹೆಂಡತಿಯೂ ಭಾವನ ಮುಖ ನೋಡಿದೆವು. ಫಿಲಂ ತೆಗೆದ ವಿಷಯವನ್ನು ಅಕ್ಕ ಅವರಿಗೆ ಅದೇ ಭಾನುವಾರ ಹೇಳಿದ್ದಳಂತೆ. ಆಗ ಟೀವಿಯ ಸದ್ದು ಜೋರಾಗಿತ್ತು. ಈಗ ಅವರು ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಅಷ್ಟು ಕಾಲ ತಮ್ಮ ತಟ್ಟೆಗೆ ಬಡಿಸಿದ ಆ ಕೈಯನ್ನು ಶ್ರದ್ಧೆಯಿಂದ ನೋಡಿದರು. ಪೂರ್ತಿ ಮುಗಿಯುವವರೆಗೆ ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿದರು.

“ನೋಡಿದ್ಯಾ? ಅರೆಯೋದು ಅಂದ್ರೆ ಹಾಗೆ. ಸ್ವಲ್ಪ ಕಲ್ತ್ಕೋ.”

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಅಕ್ಕ ಅವಳ ಮಡಿಲಿನಿಂದ ಕೈ ಬಿಡಿಸಿಕೊಂಡು, “ಕೂತಿರು, ಏನಾದ್ರೂ ಮಾಡ್ಕೊಂಡ್ ಬರ್ತೀನಿ,” ಎಂದು ಎದ್ದು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಮಿಕ್ಸಿ ಶುರುವಾಯಿತು. ಬಿಟ್ಟು ಬಿಟ್ಟು ಅಲ್ಲ, ಒಂದೇ ಸಮನೆ. ಅಂಗಡಿಯಲ್ಲಿ ಅವಳ ಪಕ್ಕ ನಿಂತು ನಾನೂ ಅಷ್ಟಿಷ್ಟು ಕಿವಿ ಪಳಗಿಸಿಕೊಂಡಿದ್ದೆ. ಕಾಳು ಬಿದ್ದ ಸದ್ದಲ್ಲ ಅದು, ನೀರು ಬಿದ್ದ ಸದ್ದೂ ಅಲ್ಲ. ಜಾರಿನಲ್ಲಿ ಏನೂ ಇರಲಿಲ್ಲ.

ಭಾವ ರಿಮೋಟ್ ಎತ್ತಿ ಟೀವಿಯ ಸದ್ದು ಜಾಸ್ತಿ ಮಾಡಿದರು.