ಜವರಪ್ಪ ಮಾವನ ಬೆಂಕಿಪೊಟ್ಟಣ

ಬಕೆಟ್ಟಿನಲ್ಲಿ ಮೇಣದಬತ್ತಿ ಹಚ್ಚಿಟ್ಟು ಮೊದಲು ಅದನ್ನು ಇಳಿಬಿಡದೆ ಜವರಪ್ಪ ಮಾವ ಯಾವ ಬಾವಿಗೂ ಇಳಿದವರಲ್ಲ. ಬತ್ತಿ ತಳದವರೆಗೂ ಉರಿದರೆ ಸರಿ. ನಡುವೆ ಆರಿದರೆ, "ಕೆಟ್ಟ ಗಾಳಿ ಕೂತದೆ, ನಾಳೀಕೆ ನೋಡವ ಬುಡಿ" ಎಂದು ಹಗ್ಗ ಸುತ್ತಿಕೊಂಡು ಮನೆಗೆ ಹೊರಟುಬಿಡುತ್ತಿದ್ದರು. ಹುಣಸೂರಿನ ಸುತ್ತಮುತ್ತ ಬಾವಿಗಳ ಹೂಳು ತೆಗೆಯುವುದು ನನ್ನ ತಾಯಿಯ ಈ ಅಣ್ಣನ ಕಸುಬು. ಬೀಡಿ ಮುಟ್ಟಿದವರಲ್ಲ, ಆದರೂ ಪಟಾಪಟಿ ಚಡ್ಡಿಯ ಜೇಬಿನಲ್ಲಿ ಸದಾ ಒಂದು ಬೆಂಕಿಪೊಟ್ಟಣ.

ಪಾರ್ಕಿನ್ಸನ್ ಬಂದು ಬಲಗೈ ನಡುಗತೊಡಗಿದಾಗ, ಕಡ್ಡಿ ಗೀರುವುದೇ ಕಷ್ಟವಾಗಿ ಬಾವಿ ಬಿಟ್ಟರು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ, ಈ ಕಾಯಿಲೆಯವರಿಗೆ ಗಾಳಿಯ ಒತ್ತಡ ಏರಿಸಿದ ಗಾಜಿನ ಗೂಡಿನೊಳಗೆ ಶುದ್ಧ ಆಮ್ಲಜನಕ ಉಸಿರಾಡಿಸಿ ನೋಡುವ ಪ್ರಯೋಗ ನಡೆಯುತ್ತಿತ್ತು. ಗುಣವಾಗುತ್ತದೆಂದು ಯಾರೂ ಹೇಳಿರಲಿಲ್ಲ. ಒಪ್ಪಿಸಿದವಳು ನಾನು, ಒಪ್ಪಿಗೆ ಪತ್ರ ಓದಿ ಹೇಳಿದವಳೂ ನಾನೇ. ಒಳಗೆ ಒಂದು ಕಿಡಿ ಹಾರಿದರೂ ಎಲ್ಲ ಹತ್ತಿಕೊಳ್ಳುತ್ತದೆ ಎಂಬ ಸಾಲು ಬಂದಾಗ, ಹೆದರಿಯಾರೆಂದು, "ಬೀಡಿಗೀಡಿ ಸೇದೋ ಹಾಗಿಲ್ಲ ಮಾವ" ಎಂದಷ್ಟೇ ಹೇಳಿದೆ.

"ನಾನ್ಯಾವತ್ ಸೇದಿವ್ನಿ ಕೂಸೇ?" ಎಂದು ನಕ್ಕರು. ನಡುಗುವ ಹೆಬ್ಬೆಟ್ಟನ್ನು ನಾನೇ ಹಿಡಿದು ಒತ್ತಿಸಿದೆ.

ಹತ್ತಿಬಟ್ಟೆ ಮಾತ್ರ ಒಳಗೆ ಬಿಡುತ್ತಿದ್ದರಿಂದ, ಮೊದಲ ದಿನ ಆಸ್ಪತ್ರೆಯ ಗೌನು ತೊಟ್ಟರು. ಚಡ್ಡಿ ಬಿಚ್ಚಲು ಮಾತ್ರ ನಾಚಿ, "ಕಾಟನ್ನೇ ಕಣಪ್ಪ" ಎಂದು ಸಹಾಯಕನನ್ನು ಒಪ್ಪಿಸಿದರು. ಗೂಡಿನೊಳಗೆ ಮಲಗಿಸಿ ಬಾಗಿಲು ಮುಚ್ಚುವಾಗ ಗಾಜಿನಾಚೆ ಅವರ ಕೈ ಸೊಂಟದ ಹತ್ತಿರ ತಡಕುವುದು ಕಂಡಿತು. ಎಂದೂ ದನಿ ಎತ್ತದ ನಾನು, "ತೆಗೀರಿ, ಬಾಗಿಲು ತೆಗೀರಿ!" ಎಂದು ಕಿರುಚಿದೆ.

ಬಾಗಿಲು ತೆಗೆದ ಕೂಡಲೇ ಚಡ್ಡಿಯ ಜೇಬಿನಿಂದ ಬೆಂಕಿಪೊಟ್ಟಣ ಕಸಿದುಕೊಂಡೆ. ಮಾವ ಪೆಚ್ಚಾದರು. "ಒಳ್ಗಡೆ ಗಾಳಿ ಎಂಗದೆ ಅಂತ ನೋಡ್ಬ್ಯಾಡ್ವಾ?"

ಆಗ ಒಪ್ಪಿಗೆ ಪತ್ರದ ಆ ಸಾಲನ್ನು ಇದ್ದದ್ದು ಇದ್ದ ಹಾಗೆ ಓದಿದೆ.

"ಇದ್ನ ಮೊದ್ಲೇ ಯೋಳಬಾರ್ದಾಗಿತ್ತಾ?" ಎಂದರು, ಅಷ್ಟೇ. ಚಡ್ಡಿ ಬಿಚ್ಚಿಟ್ಟು, ತಾವಾಗಿಯೇ ಮತ್ತೆ ಮಲಗಿದರು. "ಬತ್ತಿ ಬ್ಯಾಡ ಬುಡು. ನೀನು ಕಾಣಂಗೆ ನಿಂತ್ಕೊ. ನಿನ್ ಮೊಕ ಆರೋದ್ರೆ ಎದ್ದು ಬತ್ತೀನಿ."

ಎರಡು ತಿಂಗಳು, ದಿನಕ್ಕೊಂದು ಗಂಟೆ, ಗಾಜಿನಾಚೆ ನಿಂತು ನಾನು ಮುಖ ಆರದಂತೆ ಕಾಯ್ದುಕೊಂಡೆ. ನಡುಕ ಒಮ್ಮೆ ತಗ್ಗಿದಂತೆ ಕಾಣುತ್ತಿತ್ತು, ಮರುದಿನ ಅಷ್ಟೇ ಇರುತ್ತಿತ್ತು.

ಮುಂದಿನ ವರ್ಷ ಅವರಿಗೆ ನ್ಯುಮೋನಿಯಾ ಆಯಿತು. ಹುಣಸೂರಿನ ಆಸ್ಪತ್ರೆಯಲ್ಲಿ, ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದರು. ಅಭ್ಯಾಸಬಲದಿಂದ ಮಂಚದ ಕಾಲಬುಡದಲ್ಲಿ, ಕಾಣುವ ಹಾಗೆ ನಿಂತೆ. ಮಾವ ಬಹಳ ಹೊತ್ತು ನನ್ನನ್ನೇ ನೋಡಿದರು.

"ನಿನ್ ಮೊಕ ಆರೋಯ್ತಾ ಅದೆ ಕಣವ್ವ," ಎಂದರು. "ಅಗ್ಗ ಸುತ್ಕೊ. ಮನೇಗೋಗವ."