ಪಿಕಪ್ಪಿನ ಕರಿ ಹೊಗೆ

ಡೀಸೆಲ್ ಗಾಡಿಯೂ ಉಸಿರಾಡುತ್ತದೆ ಎಂಬುದು ಗೊತ್ತಾದಾಗ ನನಗೆ ಅರವತ್ತೆಂಟು ವರ್ಷ. ಅಲ್ಲಿಯವರೆಗೆ ಅದು ಡೀಸೆಲ್ ಕುಡಿಯುತ್ತದೆ, ಓಡುತ್ತದೆ, ಒಮ್ಮೊಮ್ಮೆ ನಿಲ್ಲುತ್ತದೆ, ನಿಂತಾಗ ಬೈಯಬೇಕು, ಇಷ್ಟೇ ತಿಳಿದಿದ್ದೆ. ಎತ್ತು ಉಸಿರಾಡುವುದು ಸರಿ, ಅದಕ್ಕೆ ಮೂಗಿದೆ. ಕಬ್ಬಿಣಕ್ಕೆ ಯಾಕೆ ಗಾಳಿ? ನಾನು ಕಂಪ್ಲಿಯಲ್ಲಿ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇದನ್ನು ಐದನೇ ಕ್ಲಾಸಿನಲ್ಲಿ ಹೇಳಿಕೊಡುತ್ತಿದ್ದರೋ ಏನೋ. ಗೊತ್ತಾದ ದಿನ ಎದೆ ಧಸಕ್ಕೆಂದಿತು, ಅದು ಇನ್ನೂ ಪೂರ್ತಿ ತಹಬಂದಿಗೆ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಎಂದರೆ ನಮ್ಮ ಹಳೆಯ ಪಿಕಪ್. ಹಂಪಿಗೆ ಹೋಗುವ ದಾರಿಯಲ್ಲಿ ಕಮಲಾಪುರದ ಹತ್ತಿರ ನಮ್ಮದೊಂದು ಬಾಳೆ ತೋಟ. ಗೊನೆಗಳು ಹೊಸಪೇಟೆಗೂ ಸಂಡೂರಿಗೂ ಹೋಗಲಿ ಎಂದು ನಮ್ಮ ಯಜಮಾನರು ಯಾರೋ ಓಡಿಸಿ ಸಾಕಾಗಿ ಮಾರಿದ ಪಿಕಪ್ಪನ್ನು ತಂದರು. ಮುಂದೆ ಅವರು ತೀರಿಕೊಂಡರು, ಗಾಡಿ ಉಳಿಯಿತು. ಎರಡರಲ್ಲಿ ಯಾವುದು ಹೆಚ್ಚು ರಿಪೇರಿಗೆ ಬರುತ್ತಿತ್ತು ಎಂದು ನನ್ನನ್ನು ಕೇಳಬೇಡಿ.

ಗಾಡಿಯ ಜೊತೆಗೆ ಉಳಿದವನು ಡ್ರೈವರ್ ಹುಲುಗಪ್ಪ. ಹದಿನೈದು ವರ್ಷ ನಮ್ಮಲ್ಲಿ ದುಡಿದವನು. ಒಣಕಲು ಆಳು, ಕಿವಿಯ ಮೇಲೆ ಬೀಡಿ, ಮಾತು ಕಡಿಮೆ. ಬೆಳಿಗ್ಗೆ ಬಂದವನೇ ಬಾನೆಟ್ ಎತ್ತುತ್ತಿದ್ದ. ಆಯಿಲ್ ಅಳೆಯುವ ಕಡ್ಡಿ ಎಳೆದು ತನ್ನ ಅಂಗಿಗೇ ಒರೆಸಿ ಮತ್ತೆ ಅದ್ದಿ ನೋಡುತ್ತಿದ್ದ. ರೇಡಿಯೇಟರಿಗೆ ನೀರು ಹಾಕುತ್ತಿದ್ದ. ಡೀಸೆಲ್ ಫಿಲ್ಟರಿನ ಬುಡದ ತಿರುಪನ್ನು ಸಡಿಲಿಸಿ ಕೆಳಗೆ ನಿಂತ ನೀರಿನ ಹನಿಗಳನ್ನು ಇಳಿಸುತ್ತಿದ್ದ. ಬ್ಯಾಟರಿಗೆ ವಯಸ್ಸಾಗಿತ್ತು. ಹಾಗಾಗಿ ಗಾಡಿಯನ್ನು ಯಾವಾಗಲೂ ಇಳಿಜಾರಿನಲ್ಲೇ ನಿಲ್ಲಿಸುತ್ತಿದ್ದ, ಸೆಲ್ಫ್ ಕೈಕೊಟ್ಟರೆ ಉರುಳಿಸಿ ಸ್ಟಾರ್ಟ್ ಮಾಡಲು. ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಅವನಿಗೆ ಬುದ್ಧಿ ಹೇಳುತ್ತಿದ್ದೆ. ಗಾಡಿ ಓಡಿಸಲು ಬಾರದವರು ಡ್ರೈವರಿಗೆ ಹೇಳುವ ಬುದ್ಧಿಗೆ ಮಿತಿ ಇರುವುದಿಲ್ಲ.

ಹೊಗೆ ನೋಡುವುದನ್ನು ಅವನಿಂದಲೇ ಕಲಿತೆ. ಬೆಳ್ಳಗಿನ ಹೊಗೆ ಬಂದರೆ ಎಂಜಿನ್ ಇನ್ನೂ ತಣ್ಣಗಿದೆ, ಇಲ್ಲವೇ ಒಳಗೆಲ್ಲೋ ನೀರು ಸೇರಿದೆ. ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಕರ್ರಗೆ ಬಂದರೆ ಕುಡಿದ ಡೀಸೆಲ್ ಅರಗುತ್ತಿಲ್ಲ. ಹಂಪಿಯ ಆನೆ ಲಾಯ ನೋಡಿದಾಗಲೆಲ್ಲ ನನಗೆ ಇದೇ ನೆನಪು. ಬಂದವರೆಲ್ಲ ಗುಮ್ಮಟ ನೋಡಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ನೋಡುವುದು ನೆಲವನ್ನು. ಅಷ್ಟು ಆನೆಗಳಿದ್ದ ಮೇಲೆ ದಿನಾ ಬೆಳಿಗ್ಗೆ ಅವುಗಳ ಲದ್ದಿ ನೋಡಿ, ಇದಕ್ಕೆ ಮೈಗೆ ಸರಿಯಿಲ್ಲ, ಇವತ್ತು ಹೊರಡಿಸಬೇಡಿ ಎಂದು ಹೇಳುವ ಒಬ್ಬ ಮನುಷ್ಯ ಇದ್ದೇ ಇರಬೇಕು. ರಾಜನ ಹೆಸರನ್ನು ಗೈಡುಗಳು ನಾಲ್ಕು ಭಾಷೆಯಲ್ಲಿ ಹೇಳುತ್ತಾರೆ. ಆ ಮನುಷ್ಯನ ಹೆಸರು ಯಾರಿಗೂ ಗೊತ್ತಿಲ್ಲ. ಅವನೂ ಕಿವಿಯ ಮೇಲೆ ಏನಾದರೂ ಸಿಕ್ಕಿಸಿಕೊಂಡು ಸುಮ್ಮನೆ ಇರುತ್ತಿದ್ದನೇನೋ.

ಅಷ್ಟರಲ್ಲಿ ಗಣಿಯ ಕಾಲ ಬಂತು. ಗುಡ್ಡವನ್ನು ಲಾರಿಗೆ ತುಂಬಿಕೊಂಡು ಹೋಗಬಹುದು ಎಂದು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಒಂದರ ಹಿಂದೆ ಒಂದು ಇಳಿಯುತ್ತಲೇ ಇದ್ದವು. ಬೇವಿನ ಮರ ಕೆಂಪಾಯಿತು, ನಾಯಿ ಕೆಂಪಾಯಿತು, ಎಮ್ಮೆ ಕೆಂಪಾಯಿತು. ಹಾಲು ಮಾತ್ರ ಬೆಳ್ಳಗಿತ್ತು, ಅದೂ ಮುಚ್ಚಳ ತೆಗೆಯುವವರೆಗೆ. ಬಿಳಿ ಅಂಗಿ ತೊಟ್ಟು ಸಂಡೂರಿಗೆ ಹೋದ ಹುಲುಗಪ್ಪ ಇಟ್ಟಿಗೆಯ ಹಾಗೆ ಮರಳಿ ಬರುತ್ತಿದ್ದ. ಬಂದವನು ಏರ್ ಫಿಲ್ಟರ್ ಬಿಚ್ಚಿ ಕಲ್ಲಿಗೆ ಮೆಲ್ಲಗೆ ತಟ್ಟಿ, ಪಂಕ್ಚರ್ ಅಂಗಡಿಗೆ ಒಯ್ದು ಹವಾ ಹೊಡೆಸಿ, ಮತ್ತೆ ಕೂರಿಸುತ್ತಿದ್ದ. ಪ್ರತಿ ಟ್ರಿಪ್ಪಿಗೂ ಇದೇ ಕೆಲಸ. ಅಷ್ಟು ಹೊತ್ತು ಲೋಡು ಕಾಯುವುದನ್ನು ನನಗೆ ನೋಡಲಾಗಲಿಲ್ಲ.

ಉಪ್ಪಿನಕಾಯಿ ಜಾಡಿಗೆ ಧೂಳು ಬೀಳದಂತೆ ನಾವೇನು ಮಾಡುತ್ತೇವೆ? ಬಾಯಿಗೆ ಬಟ್ಟೆ ಕಟ್ಟುತ್ತೇವೆ. ಯಜಮಾನರ ಒಂದು ಹಳೆಯ ಪಂಚೆ ಟ್ರಂಕಿನಲ್ಲಿ ಬಿದ್ದಿತ್ತು. ಅದನ್ನು ಎರಡು ತುಂಡು ಮಾಡಿದೆ. ಒಂದನ್ನು ಮಡಿಚಿ, ಫಿಲ್ಟರಿಗೆ ಹೋಗುವ ಕೊಳವೆಯ ಬಾಯಿಗೆ ನಾನೇ ಬಿಗಿದೆ. ಇನ್ನೊಂದನ್ನು ಬದಲಿಗೆ ಇಟ್ಟುಕೊಂಡೆ.

"ಅವ್ವಾರ, ಅದಕ್ಕ ಹಿಂಗ..." ಎಂದ ಹುಲುಗಪ್ಪ.

"ಸುಮ್ನಿರಲೇ ಹುಲುಗ್ಯಾ. ಇನ್ನ ದಿನಾ ಬಿಚ್ಚೋದು ಬ್ಯಾಡ, ತಟ್ಟೋದು ಬ್ಯಾಡ. ಸೋಮವಾರಕ್ಕೊಮ್ಮೆ ಅರಬಿ ಬದ್ಲಿ ಮಾಡಿದ್ರ ಮುಗೀತು."

ಎರಡು ವಾರ ಗಾಡಿ ಚೆನ್ನಾಗಿಯೇ ಓಡಿತು. ಬಿಚ್ಚಿದ ಬಟ್ಟೆಯನ್ನು ಸೋಮವಾರ ಮನೆಯ ಬಟ್ಟೆಗಳ ಜೊತೆ ನಾನೇ ಒಗೆದಿಟ್ಟು, ಅದರ ಸರದಿ ಬಂದಾಗ ಮತ್ತೆ ನಾನೇ ಬಿಗಿದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ, ಬೇರೆ ಯಾರೂ ಮೆಚ್ಚದಿದ್ದ ಕಾರಣ.

ಮೂರನೆಯ ವಾರ ಕರಿ ಹೊಗೆ ಶುರುವಾಯಿತು. ಸಣ್ಣ ಹೊಗೆಯಲ್ಲ, ಹಿಂದೆ ಬರುವ ಮೋಟರ್ ಸೈಕಲ್ಲಿನವನು ಕಾಣದಷ್ಟು. ಏರಿನಲ್ಲಿ ಗಾಡಿ ಮುಕ್ಕರಿಯುತ್ತಿತ್ತು, ಮೊದಲಿಗಿಂತ ಬಹಳ ಡೀಸೆಲ್ ಕುಡಿಯುತ್ತಿತ್ತು. ಹೊಸಪೇಟೆಯಲ್ಲಿ ನಮ್ಮ ಗಾಡಿ ನೋಡುವವನು ಮಸ್ತಾನ್ ಎಂಬ ಮೇಸ್ತ್ರಿ. ಗಣಿ ಬಂದ ಮೇಲೆ ಅವನ ಶೆಡ್ಡಿನ ತುಂಬ ಟಿಪ್ಪರುಗಳೇ. ನಾನು ಹೋದಾಗ ಒಂದು ಟಿಪ್ಪರಿನ ಅಡಿಯಿಂದ ಅವನ ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲುಗಳ ಜೊತೆಗೇ ಮಾತಾಡಿದೆ.

"ಕರಿ ಹೊಗಿ ಅಂದ್ರ ಡೀಸೆಲ್ ಸರಿ ಸುಡವಲ್ದು ಅವ್ವಾ," ಎಂದಿತು ಒಳಗಿನ ದನಿ. "ಪಂಪ್ ಬಿಚ್ಚಿ ನೋಡಬೇಕು. ಇಲ್ಲಾ, ಡೀಸೆಲ್ಲಾಗ ಏನರ ಬೆರಕಿ ಇರಬೇಕು. ಮುಂದಿನ ವಾರ ತರ್ರಿ."

ಅವನು ಎರಡು ಮಾತು ಹೇಳಿದ್ದ. ನನಗೆ ಕೇಳಿಸಿದ್ದು ಎರಡನೆಯದು ಮಾತ್ರ.

ಮರುದಿನ ಬೆಳಿಗ್ಗೆ ತೋಟದಲ್ಲಿ, ಗೊನೆ ಕಡಿಯುವ ಹೆಂಗಸರೆಲ್ಲ ನಿಂತಿರುವಾಗಲೇ ಕೇಳಿಬಿಟ್ಟೆ. "ಲೇ ಹುಲುಗ್ಯಾ, ಡೀಸೆಲ್ ಮಾರ್ಕೊಂಡು ಸೀಮೆಎಣ್ಣಿ ಹಾಕಾಕತ್ತೀಯೇನು?"

ಅವನು ಕೂಗಾಡಲಿಲ್ಲ. ಗಾಡಿಯ ಕೀಲಿಯನ್ನು ಕಟ್ಟೆಯ ಮೇಲಿಟ್ಟ. "ಸೀಮೆಎಣ್ಣಿ ವಾಸನಿ ನಿಮಗ ಗೊತ್ತಿಲ್ಲೇನ್ರಿ ಅವ್ವಾರ? ಟ್ಯಾಂಕಿನ ಮುಚ್ಚಳ ತಗದು ಮೂಸಿ ನೋಡ್ರಿ," ಎಂದು ನಡೆದುಹೋದ.

ನಾನು ಮೂಸಲಿಲ್ಲ. ಅದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನೆಲ್ಲ ಬರೆದು ಪ್ರಯೋಜನವಿಲ್ಲ.

ಮರಿಯಮ್ಮನಹಳ್ಳಿಯಿಂದ ಬೇರೆ ಡ್ರೈವರನ್ನು ಕರೆಸಿದೆ. ಟ್ಯಾಂಕು ಖಾಲಿ ಮಾಡಿಸಿ, ನನ್ನ ಕಣ್ಣೆದುರಿಗೇ ಹೊಸ ಡೀಸೆಲ್ ತುಂಬಿಸಿದೆ. ಗಾಡಿ ಸ್ಟಾರ್ಟ್ ಆಯಿತು. ಹೊಗೆ ಅಷ್ಟೇ ಕರ್ರಗೆ ಬಂತು. ಸಂಡೂರಿನ ಏರಿನಲ್ಲಿ ಗಾಡಿ ನಿಂತೇಹೋಯಿತು, ಆ ಡ್ರೈವರ್ ಕೈಮುಗಿದು ಊರಿಗೆ ಹೋದ. ಹೇಗೋ ಎಳೆಸಿಕೊಂಡು ಮನೆಗೆ ತಂದದ್ದಾಯಿತು. ಗಾಡಿಯ ಮುಂದೆ ನಿಂತು ಲೆಕ್ಕ ಹಾಕಿದೆ. ಡ್ರೈವರ್ ಬೇರೆ, ಡೀಸೆಲ್ ಬೇರೆ, ಹೊಗೆ ಮಾತ್ರ ಅದೇ. ಹಾಗಾದರೆ ನಾನು ಕಳ್ಳ ಎಂದದ್ದು ಯಾರಿಗೆ?

ಮಸ್ತಾನನನ್ನು ಟಿಪ್ಪರಿನ ಅಡಿಯಿಂದ ಎಬ್ಬಿಸಿ, ಆಟೋದಲ್ಲಿ ಕೂರಿಸಿಕೊಂಡು ಬಂದೆ. ಅವನು ಬಾನೆಟ್ ಎತ್ತಿದ, ಬಗ್ಗಿದ, ಹಾಗೇ ನಿಂತ. ಆಮೇಲೆ ನಾನು ಕಟ್ಟಿದ್ದ ಬಟ್ಟೆಗೆ ಬೆರಳಿನ ಗೆಣ್ಣಿನಿಂದ ಹೊಡೆದ. ಟಕ್ ಟಕ್ ಎಂದಿತು, ಬಾಗಿಲು ಬಡಿದ ಹಾಗೆ.

"ಅವ್ವಾ, ಇದು ಅರಬಿಯೇನ್ರಿ, ಹಲಗಿಯೇನ್ರಿ?"

"ಅರಬಿ. ನಮ್ಮ ಯಜಮಾನರ ಪಂಚಿ."

"ಅವರು ಇದನ್ನ ಉಟ್ಕೊಂಡು ಕುಂದರ್ತಿದ್ರೇನ್ರಿ, ಬರೇ ನಿಂದರ್ತಿದ್ರೇನ್ರಿ?"

ಬಿಚ್ಚಿ ಕಟ್ಟೆಯ ಮೇಲಿಟ್ಟ. ಅದು ಕೊಳವೆಯ ಬಾಯಿಯ ಆಕಾರದಲ್ಲೇ ಟೊಪ್ಪಿಗೆಯ ಹಾಗೆ ನೆಟ್ಟಗೆ ಕೂತಿತು. ಆಗ ಹೊಳೆಯಿತು. ಗಂಜಿ.

ನಮ್ಮ ಮನೆಯಲ್ಲಿ ಹತ್ತಿ ಬಟ್ಟೆ ಎಂದರೆ ಗಂಜಿ ಹಾಕದೆ ಹಗ್ಗಕ್ಕೆ ಹೋಗುವುದಿಲ್ಲ. ಅನ್ನ ಬಸಿದ ತಿಳಿಯಲ್ಲಿ ಅದ್ದಿ ತೆಗೆಯುವವರ ಗಂಜಿ ನನಗೆ ಗಂಜಿಯೇ ಅಲ್ಲ. ನಾನು ಅಕ್ಕಿ ಹಿಟ್ಟು ಕಾಸಿ, ಬಟ್ಟೆಯಲ್ಲಿ ಸೋಸಿ, ಗಟ್ಟಿಯಾಗಿ ಹಾಕುವವಳು. ಪಂಚೆ ಒಣಗಿದ ಮೇಲೆ ಮಡಿಸುವಾಗ ಸದ್ದು ಬರಬೇಕು. ಕಂಪ್ಲಿಯಲ್ಲಿ ನನ್ನ ತವರಿನವರು ಇವತ್ತಿಗೂ ನನ್ನ ಗಂಜಿಯ ಮಾತಾಡುತ್ತಾರೆ. ಕೈಗೆ ರೂಢಿಯಾದದ್ದು ಬಟ್ಟೆ ಯಾವುದು, ಯಾರದು ಎಂದು ಕೇಳುವುದಿಲ್ಲ. ಅದ್ದಿದ್ದೆ, ಹಿಂಡಿದ್ದೆ, ಒಣಗಿಸಿದ್ದೆ. ಅದರ ಮೇಲೆ ಅದಿರಿನ ಧೂಳು ಕೂತು, ಇಬ್ಬನಿ ಬಿದ್ದು, ಗೋಡೆಗೆ ಗಿಲಾವು ಮಾಡಿದ ಹಾಗೆ ಆಗಿತ್ತು.

ಮಸ್ತಾನ್ ಗಾಡಿ ಸ್ಟಾರ್ಟ್ ಮಾಡಿ ಎಕ್ಸಲೇಟರ್ ತುಳಿದ. ಕರಿ ಹೊಗೆ ಎರಡು ಸಲ ಕೆಮ್ಮಿತು, ತಿಳಿಯಾಯಿತು, ಕಾಣದೇ ಹೋಯಿತು.

"ಡೀಸೆಲ್ ಒಳಗ ಸುಡಬೇಕಂದ್ರ ಗಾಳಿ ಬೇಕವ್ವಾ. ಗಾಳಿ ಸಾಲದಿದ್ರ ಅರ್ಧಂಬರ್ಧ ಸುಟ್ಟು ಹೊರಗ ಬರತೈತಿ. ನಿಮ್ಮ ಮೂಗಿಗೆ ಇದನ್ನ ಕಟ್ಟಿ ಸಂಡೂರು ಗುಡ್ಡ ಹತ್ತಸ್ಲೇನು?"

ಐವತ್ತು ವರ್ಷ ಕಟ್ಟಿಗೆ ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತವಳು ನಾನು. ಊದದಿದ್ದರೆ ಬೆಂಕಿ ಹೊತ್ತದೆ ಹೊಗೆಯೇಳುತ್ತದೆ ಎಂದು ಬೇರೆಯವರು ಬಂದು ಹೇಳಬೇಕಾಯಿತು. ಆ ಟೊಪ್ಪಿಗೆಯ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತೆ. ಬಾಗಿಲಲ್ಲಿ ನಿಂತಿದ್ದ ಸೊಸೆ ಶಾಂತಾ, "ಅತ್ತೀ, ಅವತ್ತ ಗಂಜಿ ಹಾಕಬ್ಯಾಡ್ರಿ ಅನ್ನಾಕ ಬಂದಿದ್ದೆ. ಗಾಡಿ ವಿಷಯ ನಿನಗೇನು ತಿಳೀತೈತಿ ಅಂತ ಅಂದ್ರಿ," ಎಂದು ಒಳಗೆ ಹೋದಳು. ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿತ್ತು. ನಗು ಕೇಳಿಸದಿರಲಿ ಎಂದಿರಬೇಕು.

ಆ ಸಂಜೆಯೇ ಹುಲುಗಪ್ಪನ ಮನೆಗೆ ಹೋದೆ. ಅಂಗಳದಲ್ಲಿ ಹಗ್ಗದ ಮಂಚದ ಮೇಲೆ ಕೂತಿದ್ದ. ವಡ್ಡು ಎಂಬ ಊರಿನ ಹತ್ತಿರದ ಒಬ್ಬ ಟಿಪ್ಪರ್ ಮಾಲಕ ಅವನನ್ನು ಕರೆದಿದ್ದ, ಶುಕ್ರವಾರ ಕೆಲಸಕ್ಕೆ ಹೋಗುವವನಿದ್ದ. ಇದನ್ನು ಅವನ ಹೆಂಡತಿ ಹೇಳಿದಳು, ನನಗೆ ಕುಳಿತುಕೊಳ್ಳಲು ಹೇಳುವ ಮೊದಲೇ. ಆ ಗಾಡಿಯ ಮೈ ಬಲ್ಲವನು ಅವನೊಬ್ಬನೇ. ಅವನು ಹೋದರೆ ಗಾಡಿ ಗುಜರಿಗೆ ಎಂಬುದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಹುಲುಗಪ್ಪಾ, ತಪ್ಪು ನಂದು. ಅರಬಿಗೆ ಗಂಜಿ ಹಾಕಿದ್ದೆ," ಎಂದೆ. ಇಂಥ ಮಾತನ್ನು ಎಳೆದಾಡಬಾರದು.

"ಗೊತ್ತೈತ್ರಿ."

"ಮಸ್ತಾನ್ ಹೇಳಿದ್ನೇನು?"

"ಯಾರೂ ಹೇಳಿಲ್ರಿ. ಒಗದದ್ದು ಕಟ್ಟಿದ ಎರಡನೇ ದಿನಾನ ಮುಟ್ಟಿ ನೋಡಿದ್ದೆ. ಹಪ್ಪಳ ಇದ್ದಂಗಿತ್ತು."

ಅವತ್ತಿನ ದಿನ ಆಗಲೇ ಸಾಕಷ್ಟು ಬೆಚ್ಚಿದ್ದೆ. ಇದು ಎಲ್ಲಕ್ಕಿಂತ ದೊಡ್ಡದಾಗಿ ಬಡಿಯಿತು. "ಮತ್ತ ಬಿಚ್ಚಿ ಒಗೀಬೇಕಿಲ್ಲೇನು?"

"ನೀವು ಕಟ್ಟಿದ್ದನ್ನ ಬಿಚ್ಚಾಕ ನನಗೆಲ್ಲಿ ಧೈರ್ಯ ಬರಬೇಕ್ರಿ."

"ಹೇಳಬೇಕಿತ್ತು."

"ಎರಡು ಸಲ ಬಾಯಿ ತಗದೆ. ಎರಡೂ ಸಲ ನೀವ ಮಾತಾಡಿದ್ರಿ."

"ಕಳ್ಳ ಅಂದಾಗರ ಹೇಳಬಾರದಾಗಿತ್ತೇನು?"

"ಕಳ್ಳ ಅಂದಮ್ಯಾಲ ಹೇಳಾಕ ಏನು ಉಳೀತೈತ್ರಿ?"

ಗಾಡಿಗೆ ಉಸಿರು ಕಟ್ಟಿದರೆ ಊರಿಗೆಲ್ಲ ಕಾಣುವ ಹಾಗೆ ಕರಿ ಹೊಗೆ ಬಿಡುತ್ತದೆ. ಹದಿನೈದು ವರ್ಷ ನನ್ನೆದುರಿಗೇ ನಿಂತ ಈ ಮನುಷ್ಯನಿಂದ ಒಂದು ಎಳೆ ಹೊಗೆ ಬಂದಿರಲಿಲ್ಲ. ನಾನು ಕಂಡಿರಲಿಲ್ಲವೋ ಏನೋ.

ಮಂಚದಿಂದ ಎದ್ದು ಅವನೇ ಹೇಳಿದ. "ನಾಳಿ ಒಂದು ಲೋಡು ಸಂಡೂರಿಗೆ ಒಯ್ದು ಕೊಡ್ತೀನಿ, ಹಣ್ಣು ಕೊಳೀಬಾರದು. ಆದ್ರ ನೀವೂ ಗಾಡಿಯಾಗ ಬರ್ರಿ. ಆಮ್ಯಾಲ ನೋಡೋಣು, ಇರೋದೋ ಹೋಗೋದೋ."

ಮರುದಿನ ತೋಟದಲ್ಲಿ ಅದೇ ಹೆಂಗಸರ ಮುಂದೆ ನಿಂತು, "ಇವ ಏನೂ ಕದ್ದಿಲ್ಲ, ನಾನ ಗಾಡಿಗೆ ಗಂಜಿ ಹಾಕಿದ್ದೆ," ಎಂದೆ. ಒಬ್ಬಳು ನಕ್ಕು ನಕ್ಕು ಕುಡುಗೋಲು ಕೆಳಗಿಟ್ಟು ಕೂತುಬಿಟ್ಟಳು. ನಗಲಿ. ಅಂದದ್ದು ಹತ್ತು ಜನರ ಮುಂದೆ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಹತ್ತು ಜನರ ಮುಂದೆಯೇ ಆಗಬೇಕು.

ಗಾಡಿಯಲ್ಲಿ ನನ್ನ ಕಡೆಯ ಕಿಟಕಿಯ ಗಾಜು ಮೇಲೇರುತ್ತಿರಲಿಲ್ಲ. ಹೊಸಪೇಟೆ ದಾಟುವವರೆಗೆ ನಾನೇ ಮಾತಾಡಿದೆ. ಅದಿರಿನ ಲಾರಿಗಳ ಸಾಲು ಸಿಕ್ಕ ಮೇಲೆ ಬಾಯಿ ತೆರೆದರೆ ಹಲ್ಲಿನ ನಡುವೆ ಕರಕರ ಎನ್ನತೊಡಗಿತು. ಆಕಾಶ ಕಾಣಲಿಲ್ಲ, ಮುಂದಿನ ಲಾರಿ ಕಾಣಲಿಲ್ಲ, ಕಂಡದ್ದು ಅದರ ಹಿಂದಿನ ಕೆಂಪು ದೀಪವೊಂದೇ. ಇದರಲ್ಲಿ ಇವನು ದಿನಾ ಹೋಗಿ ಬರುತ್ತಾನೆಂದು ನನಗೆ ಗೊತ್ತಿತ್ತು. ಹೀಗಿದೆ ಎಂದು ಗೊತ್ತಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೂತೆ. ಆ ಧೂಳು ರೂಢಿಯಾದ ಹುಲುಗಪ್ಪ ತುಟಿಯ ಒಂದು ಮೂಲೆಯಿಂದ ಮಾತಾಡಬಲ್ಲವನಾಗಿದ್ದ. ಮಾತಾಡಿದ. ಎರಡನೇ ಗೇರು ತಾನಾಗಿಯೇ ಬಿಟ್ಟುಕೊಳ್ಳುತ್ತದೆ ಎಂದ. ಬ್ರೇಕ್ ತುಳಿದರೆ ಕಾಲು ಆಳಕ್ಕೆ ಹೋಗುತ್ತದೆ ಎಂದ. ಸೀಟಿನ ಸ್ಪ್ರಿಂಗು ಬೆನ್ನಿಗೆ ಚುಚ್ಚುತ್ತಿರುವುದು ನಾಲ್ಕು ವರ್ಷದಿಂದ ಎಂದ. ನಾನು ಕಟ್ಟಿಕೊಡುವ ಬುತ್ತಿಯ ಚಟ್ನಿಯಲ್ಲಿ ಉಪ್ಪು ಯಾವಾಗಲೂ ಹೆಚ್ಚು ಎಂದ. ಸಂಡೂರು ಮುಟ್ಟುವವರೆಗೂ ಅವನ ಮಾತು ಮುಗಿಯಲಿಲ್ಲ.

ಗೊನೆ ಇಳಿಸಿ, ಗಾಡಿ ತಿರುಗಿಸಿ ನಿಲ್ಲಿಸಿದ. ಫಿಲ್ಟರ್ ಬಿಚ್ಚಿ ಕಲ್ಲಿಗೆ ತಟ್ಟುತ್ತ, ನನ್ನ ಮುಖ ನೋಡದೇ ಕೇಳಿದ. "ಶುಕ್ರವಾರ ಎಷ್ಟು ಗೊನಿ ಹೇರೋದ್ರಿ?"

ಹೇಳಬೇಕೆಂದು ಸೆರಗು ತೆಗೆದೆ, ಕೆಮ್ಮು ಬಂತು. ಅವನು ಕಾಯಲಿಲ್ಲ. "ಅರವತ್ತು ಸಾಕ್ರಿ. ಈ ಗಾಡಿ ಅದರ ಮ್ಯಾಲ ಹೊರಂಗಿಲ್ಲ."

ಹದಿನೈದು ವರ್ಷ ನಾನು ತೊಂಬತ್ತು ಹೇರಿಸಿದ್ದೆ. ಮತ್ತೆ ಸೆರಗು ಮುಚ್ಚಿಕೊಂಡು ತಲೆಯಾಡಿಸಿದೆ.