ಹ್ಞೂಂ ಬದಲಿಗೆ ಹೆಜ್ಜೆ

ಅಕ್ಕನ ಮಗಳ ಎಡಗಾಲಿನ ಪ್ಲಾಸ್ಟರ್ ಬಿಚ್ಚಿದ ದಿನ ನನ್ನ ಡೈರಿಯಲ್ಲಿ ಎರಡು ಸಾಲು ಶುರುವಾದವು: ಬಲ, ಎಡ. ಕೌಲ್ ಬಜಾರಿನ ನಮ್ಮ ಮನೆಯೊಳಗೆ ಅವಳು ಇಡುವ ಹೆಜ್ಜೆಗೆ ಒಂದೊಂದು ಗೀಟು. ಬಲದ ಸಾಲು ತುಂಬುತ್ತಿತ್ತು, ಎಡದ್ದು ಖಾಲಿ. ಆರು ವರ್ಷದ ಹುಡುಗಿ ಗೋಡೆ ಹಿಡಿದು ಒಂಟಿಕಾಲಲ್ಲೇ ಕುಪ್ಪಳಿಸುತ್ತಿದ್ದಳು. ಮೂಳೆ ಕೂಡಿದೆ, ಇನ್ನು ಊರದಿದ್ದರೆ ಕಾಲು ಸೊರಗುತ್ತದೆ ಎಂದಿದ್ದರು ಡಾಕ್ಟರು. ನೋವು ಹೋಗಿತ್ತು, ಭಯ ಹೋಗಿರಲಿಲ್ಲ.

ಸಿರಿಗೇರಿಯಿಂದ ನನ್ನ ಅವ್ವ ಬಂದಳು. ಅವಳು ಹೇಳುವ ಕಥೆಗೆ ಒಂದು ಕಟ್ಟಳೆಯಿದೆ: ಕೇಳುವವರು ಮಾತುಮಾತಿಗೆ ‘ಹ್ಞೂಂ’ ಅನ್ನಬೇಕು, ಇಲ್ಲದಿದ್ದರೆ ಕಥೆ ಅಲ್ಲೇ ನಿಲ್ಲುತ್ತದೆ. ಅದನ್ನೇ ಹಿಡಿದು ನಾನೊಂದು ಆಟ ಕಟ್ಟಿದೆ. ಸಂಜೆ ನಡುಮನೆಯಲ್ಲಿ ಕೌದಿ ಹಾಸಿದೆ. ಅದರ ತೇಪೆಗಳು ಗದ್ದೆ, ಹಸಿರು ಅಂಚು ಕಾಲುವೆ. ‘ಹ್ಞೂಂ’ ಅನ್ನುವ ಬದಲು ಮುಂದಿನ ತೇಪೆಗೆ ಹೆಜ್ಜೆ ಇಡಬೇಕು.

ಕಥೆಯ ನರಿ ಭತ್ತದ ಗದ್ದೆ ದಾಟಿ ಕುರುಗೋಡಿನ ಗುಡ್ಡಕ್ಕೆ ಹೊರಟಿತ್ತು. ಹುಡುಗಿ ನಗುನಗುತ್ತ ಆಡಿದಳು, ಆದರೆ ಬಲಗಾಲಲ್ಲೇ. ಮೂರು ಸಂಜೆ ಹೀಗೇ ಆಯಿತು. ನಾನು ಆಟ ಬಿಡುವ ಯೋಚನೆಯಲ್ಲಿದ್ದೆ.

ಮರುಸಂಜೆ ಅವ್ವ, “ನನಗ ಸಾಕಾತವ್ವ. ಇವತ್ತ ನೀನ ಹೇಳು, ನಾ ಹೆಜ್ಜಿ ಇಡ್ತೀನಿ” ಅಂದಳು.

ಹುಡುಗಿ ಮಂಚದ ಮೇಲೆ ಕೂತು ಗಂಭೀರವಾಗಿ ಶುರುಮಾಡಿದಳು: “ನರಿ ಕಾಲುವಿ ಹತ್ರ ಬಂತು.”

ಅವ್ವ ಸೀರೆ ಎತ್ತಿ ಸಿಕ್ಕಿಸಿ, ಗೋಡೆ ಹಿಡಿದು, ಒಂಟಿಕಾಲಲ್ಲಿ ಕುಪ್ಪಳಿಸಿದಳು.

“ಯವ್ವಾ, ಸೊಂಟ ಮುರಕೊಂಡೀ!” ಎಂದೆ ನಾನು.

“ಹಂಗಲ್ಲ ಅಜ್ಜಿ! ನರಿಗೆ ಒಂದ ಕಾಲು ಐತೇನು?”

“ನಿನ್ನ ನೋಡೇ ಕಲ್ತೀನಿ.”

“ನಂದು ಬ್ಯಾರೆ. ನನ್ನ ಕಾಲು ಮುರಿದಿತ್ತು.”

“ನನ್ನ ಮೊಣಕಾಲು ನೋಯ್ತೈತಿ. ಬೇಕಂದ್ರ ಕಥಿ ಬಿಡು.”

ನರಿಯನ್ನು ಕಾಲುವೆ ದಂಡೆಯಲ್ಲೇ ಬಿಡಲು ಹುಡುಗಿಗೆ ಮನಸ್ಸಾಗಲಿಲ್ಲ. ಮಂಚದಿಂದ ಇಳಿದಳು. “ಇಲ್ನೋಡು, ಹಿಂಗ” ಎಂದು ಬಲಗಾಲು ಇಟ್ಟಳು. ಆಮೇಲೆ ಎಡಗಾಲು, ಮೊದಲು ಬೆರಳ ತುದಿ, ತಡೆದು ತಡೆದು ಹಿಮ್ಮಡಿ. ತುಟಿ ಕಚ್ಚಿಕೊಂಡಿದ್ದಳು. ಹಿಡಿಯಲು ಮುಂದಾದ ನನ್ನನ್ನು ಅವ್ವ ಕಣ್ಣಲ್ಲೇ ತಡೆದಳು. ಹಸಿರು ಅಂಚು ದಾಟಿದ ಹುಡುಗಿ ತಿರುಗಿ ಗದರಿದಳು:

“ಕಂಡ್ಯಾ? ಈಗ ನೀ ಬಾ. ಎರಡೂ ಕಾಲು ಇಡು.”

ಅವ್ವ ಎರಡೂ ಕಾಲು ಇಟ್ಟಳು. ಕಥೆ ಗುಡ್ಡದ ಕಡೆ ಹೊರಟಿತು, ಹೇಳುವವಳು ಮುಂದೆ ನಡೆಯುತ್ತ, ಕೇಳುವವಳು ಹಿಂದೆ.